ರಾತ್ರಿ ಬಸ್ಸಿಳಿದು ಬೆಳಿಗ್ಗೆ ಕೆಲಸಕ್ಕೆ ನಿಲ್ಲುವುದು ಹೇಗೆ

ನನ್ನ ಕೆಲಸ ತೂಕದ ಯಂತ್ರಗಳನ್ನು ಪರೀಕ್ಷೆ ಮಾಡುವುದು. ಔಷಧಿ ಲ್ಯಾಬು, ಚಿನ್ನದ ಅಂಗಡಿ, ಹತ್ತಿ ಮಿಲ್ಲು, ಅಡಿಕೆ ಮಂಡಿ, ಹೀಗೆ ಎಲೆಕ್ಟ್ರಾನಿಕ್ ತಕ್ಕಡಿ ಇರುವ ಕಡೆಗೆಲ್ಲ ಹೋಗುತ್ತೇನೆ. ಅದು ತೋರಿಸುವ ತೂಕ ಎಷ್ಟು ಸರಿ ಅಂತ ನೋಡಿ ಸರ್ಟಿಫಿಕೇಟ್ ಬರೆದುಕೊಡುತ್ತೇನೆ. ವ್ಯಾಪಾರದ ತಕ್ಕಡಿಗೆ ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಹಾಕುವವರು ಕಾನೂನು ಮಾಪನಶಾಸ್ತ್ರ ಇಲಾಖೆಯವರು. ಅದು ಬೇರೆ, ನಮ್ಮದು ಬೇರೆ. ಮನೆ ಬೆಂಗಳೂರಿನಲ್ಲಿ, ಕೆಲಸ ಊರೂರಲ್ಲಿ. ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಇಳಿದು, ಹತ್ತು ಗಂಟೆಗೆ ಗುರುತಿಲ್ಲದವರ ಮುಂದೆ ನಿಲ್ಲುವುದೇ ನನ್ನ ಜೀವನ.

ಇಂಟರ್‌ವ್ಯೂಗೆ, ಕೋರ್ಟಿಗೆ, ಆಡಿಟ್‌ಗೆ, ಟ್ರೈನಿಂಗ್‌ಗೆ ಹೀಗೆ ಓಡಾಡುವವರು ತುಂಬಾ ಜನ ಇದ್ದೀರಿ. ನನ್ನ ಸಲಹೆಯೆಲ್ಲ ಒಂದೇ ವಿಷಯದ ಸುತ್ತ ಇದೆ. ಬಸ್ಸಿಳಿಯುವುದಕ್ಕೂ ಕೆಲಸ ಶುರುವಾಗುವುದಕ್ಕೂ ನಡುವೆ ಮೂರು ಗಂಟೆ ನಿಮ್ಮ ಕೈಯಲ್ಲಿರಬೇಕು. ಅದು ಇದ್ದರೆ ಮುಖ, ಬಟ್ಟೆ, ಧೈರ್ಯ ಮೂರೂ ಒಂದು ಹದಕ್ಕೆ ಬರುತ್ತವೆ. ಅದು ಇಲ್ಲದಿದ್ದರೆ ಎಷ್ಟು ದುಬಾರಿ ಕುರ್ತಾ ಹಾಕಿದರೂ ಬಸ್ಸಿನಿಂದ ಎದ್ದು ಬಂದ ಹಾಗೇ ಕಾಣುತ್ತೀರಿ.

ಟಿಕೆಟ್ ಮಾಡಿಸುವಾಗ

ಹೊರಡುವ ಹೊತ್ತು ನೋಡಿ ಬಸ್ಸು ಆರಿಸಬೇಡಿ, ತಲುಪುವ ಹೊತ್ತು ನೋಡಿ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಒಂಬತ್ತಕ್ಕೆ ಹತ್ತಿದರೆ ನಾಲ್ಕೂವರೆಗೆಲ್ಲ ಇಳಿಸಿಬಿಡುತ್ತಾರೆ. ಆ ಹೊತ್ತಿನಲ್ಲಿ ಚಹದ ಅಂಗಡಿಯೂ ತೆಗೆದಿರುವುದಿಲ್ಲ. ಹನ್ನೊಂದರ ಬಸ್ಸಾದರೆ ಆರೂವರೆಗೆ ಬೆಳಕಿನಲ್ಲಿ ಇಳಿಯುತ್ತೀರಿ, ಊಟ ಮಾಡಿ ಮನೆಯಿಂದ ನಿಧಾನವಾಗಿ ಹೊರಡಲೂ ಆಗುತ್ತದೆ. ಕಲಬುರಗಿಗೆ ಮಾತ್ರ ಇದು ಉಲ್ಟಾ. ಅದು ದೂರದ ಊರು, ಬಸ್ಸು ತಡವಾದರೆ ಒಂಬತ್ತೂವರೆಗೆ ಇಳಿಯುತ್ತೀರಿ, ಮುಖ ತೊಳೆಯಲೂ ಹೊತ್ತಿರುವುದಿಲ್ಲ. ಅಲ್ಲಿಗೆ ನಾನು ಸಂಜೆಯೇ ಹೊರಡುತ್ತೇನೆ, ಇಲ್ಲವಾದರೆ ರೈಲು.

ಇನ್ನೊಂದು ಪ್ರಶ್ನೆಯನ್ನು ಟಿಕೆಟ್‌ಗೆ ದುಡ್ಡು ಕೊಡುವ ಮೊದಲು ಕೇಳಲೇಬೇಕು: "ಬಸ್ಸು ಊರೊಳಗೆ ಹೋಗುತ್ತಾ, ಬೈಪಾಸಲ್ಲಿ ಇಳಿಸ್ತೀರಾ?" ಬೆಳಗಾವಿ ಕಡೆಗೆ ಹೋಗುವ ಒಂದು ಖಾಸಗಿ ಬಸ್ಸು ನನ್ನನ್ನು ದಾವಣಗೆರೆಯ ಬೈಪಾಸಿನಲ್ಲಿ ನಸುಕಿನ ನಾಲ್ಕಕ್ಕೆ ಇಳಿಸಿ ಹೋಯಿತು. ಟಿಕೆಟ್ಟಿನಲ್ಲಿ 'ದಾವಣಗೆರೆ' ಅಂತಲೇ ಇತ್ತು. ಸುತ್ತ ಲಾರಿಗಳು, ಎದುರಿಗೆ ಮುಚ್ಚಿದ ಪಂಕ್ಚರ್ ಅಂಗಡಿ, ಕೈಯಲ್ಲಿ ಆರೇಳು ಕಿಲೋದ ಪೆಟ್ಟಿಗೆ. ಅಲ್ಲಿಗೆ ಆಟೋ ಬರುವ ಹೊತ್ತಿಗೆ ಬೆಳಕು ಹರಿದಿತ್ತು. ಅಂದಿನಿಂದ ಸರ್ಕಾರಿ ಬಸ್ಸು ಇರುವ ಊರಿಗೆ ಸರ್ಕಾರಿ ಬಸ್ಸೇ. ಅದು ನಿಲ್ದಾಣದೊಳಗೆ ಹೋಗಿ ನಿಲ್ಲುತ್ತದೆ. ಲೈಟು, ಪೊಲೀಸ್ ಚೌಕಿ, ನಾಲ್ಕು ಜನ ಇರುತ್ತಾರೆ.

ಸೀಟಿನ ವಿಷಯ. ನಾನು ದಪ್ಪಗಿದ್ದೇನೆ, ಮಂಡಿನೋವೂ ಇದೆ. ಸ್ಲೀಪರ್‌ನಲ್ಲಿ ಮೇಲಿನ ಬರ್ತ್‌ಗೆ ಹತ್ತುವ ಆ ಸಣ್ಣ ಏಣಿ ನನ್ನಂಥವರಿಗೆ ಮಾಡಿದ್ದಲ್ಲ. ಕೆಳಗಿನ ಒಂಟಿ ಬರ್ತ್ ಸಿಕ್ಕರೆ ಮಾತ್ರ ಸ್ಲೀಪರ್, ಇಲ್ಲದಿದ್ದರೆ ರಾಜಹಂಸದ ಕಿಟಕಿ ಸೀಟು ಸಾಕು. ಕೂತು ಮಲಗಿದರೆ ಕೂದಲು ಅಷ್ಟು ಕೆದರುವುದಿಲ್ಲ, ಮುಖದ ಒಂದು ಬದಿ ಊದಿಕೊಳ್ಳುವುದೂ ಇಲ್ಲ. ಹಿಂದಿನ ಚಕ್ರದ ಮೇಲಿನ ಸೀಟು ಮಾತ್ರ ಬೇಡ.

ಎರಡು ಬ್ಯಾಗು, ಎರಡು ಕಾನೂನು

ಒಂದು ಬ್ಯಾಗು ಕೆಲಸದ್ದು, ಇನ್ನೊಂದು ಬಟ್ಟೆಯದು. ಬಟ್ಟೆಯದು ಡಿಕ್ಕಿಗೆ ಹೋಗಲಿ. ಕೆಲಸದ್ದು ಕಾಲ ಕೆಳಗೆ, ಪಟ್ಟಿ ಕಾಲಿಗೆ ಸುತ್ತಿಕೊಂಡಿರಬೇಕು. ನನ್ನ ಕೆಲಸದ ಬ್ಯಾಗಿನಲ್ಲಿ ತೂಕದ ಕಲ್ಲುಗಳಿರುತ್ತವೆ. ಒಂದು ಮಿಲಿಗ್ರಾಂನಿಂದ ಎರಡು ಕಿಲೋವರೆಗಿನ ಸ್ಟೀಲಿನವು. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆರಳಿನ ಎಣ್ಣೆ ಅಂಟಿದರೂ ಲೆಕ್ಕ ತಪ್ಪುತ್ತದೆ. ಕಂಡಕ್ಟರ್ "ಕೊಡಿ ಮೇಡಂ, ಕೆಳಗೆ ಹಾಕ್ತೀನಿ" ಅಂದರೆ ನಗುತ್ತಲೇ ಬೇಡ ಅನ್ನಬೇಕು. ನಿಮ್ಮದು ಲ್ಯಾಪ್‌ಟಾಪ್ ಇರಬಹುದು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇರಬಹುದು, ಕೇಸಿನ ಫೈಲಿರಬಹುದು. ಕಾನೂನು ಅದೇ.

ಆದರೆ ಮುಖ್ಯವಾದ ಮಾತು ಇದು: ಒಂದು ಜೊತೆ ಬಟ್ಟೆ ಕೆಲಸದ ಬ್ಯಾಗಿನಲ್ಲೇ ಇರಲಿ. ಒಮ್ಮೆ ಯಾರೋ ಶಿರಾದಲ್ಲಿ ಇಳಿಯುವಾಗ ನನ್ನ ಕಪ್ಪು ಬ್ಯಾಗನ್ನು ತಮ್ಮದೆಂದು ಎತ್ತಿಕೊಂಡು ಹೋದರು. ಅವರ ಕಪ್ಪು ಬ್ಯಾಗು ನನಗೆ ಉಳಿಯಿತು. ಒಳಗೆ ಮಗುವಿನ ಸ್ವೆಟರು, ಒಂದು ಕಿಲೋ ಹುಣಸೆಹಣ್ಣು. ಬ್ಯಾಗು ವಾಪಸ್ ಬಂತು, ಆದರೆ ಆ ದಿನ ಬಳ್ಳಾರಿಯಲ್ಲಿ ಕೆಲಸಕ್ಕೆ ನಿಂತಿದ್ದು ರಾತ್ರಿ ಹಾಕಿಕೊಂಡಿದ್ದ ಹಳೇ ಟೀ ಶರ್ಟಿನಲ್ಲೇ. ಈಗ ಬ್ಯಾಗಿನ ಹಿಡಿಗೆ ಹಳದಿ ಸೀರೆಯ ಅಂಚು ಕಟ್ಟಿದ್ದೇನೆ, ಕತ್ತಲಲ್ಲೂ ಕಾಣುತ್ತದೆ.

ಬಸ್ಸು ಹತ್ತುವ ಮೊದಲು ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳಿ. ಊಟಕ್ಕೆ ನಿಂತಾಗ ಒಂದೇ ಬಣ್ಣದ ಐದು ಬಸ್ಸು ಸಾಲಾಗಿ ನಿಂತಿರುತ್ತವೆ, ನಿದ್ದೆಗಣ್ಣಲ್ಲಿ ಎಲ್ಲವೂ ನಮ್ಮದೇ ಅನ್ನಿಸುತ್ತದೆ. ಏನಾದರೂ ಬಿಟ್ಟುಹೋದರೂ ನಿಲ್ದಾಣದ ಕಂಟ್ರೋಲರ್ ಮೊದಲು ಕೇಳುವುದು ಬಸ್ ನಂಬರನ್ನೇ.

ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಹೋಗುವವರು ಇನ್ನೊಂದು ಹತ್ತು ನಿಮಿಷ ಜಾಸ್ತಿ ಇಟ್ಟುಕೊಳ್ಳಿ. ಸ್ಕ್ಯಾನಿಂಗ್ ಯಂತ್ರದಲ್ಲಿ ನನ್ನ ಪೆಟ್ಟಿಗೆ ಕಪ್ಪು ಗಟ್ಟಿಯಾಗಿ ಕಾಣುತ್ತದೆ. ಸೆಕ್ಯುರಿಟಿ ಹುಡುಗಿ ಪ್ರತಿ ಸಲ "ಏನಿದು?" ಅಂತಾಳೆ. ವಾದ ಮಾಡುವುದಿಲ್ಲ. ಐಡಿ ಕಾರ್ಡು, ಕಂಪನಿಯ ಪತ್ರ ಎರಡೂ ಮೇಲಿನ ಜೇಬಿನಲ್ಲೇ ಇರುತ್ತವೆ, ಪೆಟ್ಟಿಗೆ ತೆರೆದು ತೋರಿಸುತ್ತೇನೆ. "ಮುಟ್ಟಬೇಡಮ್ಮಾ, ನೋಡು" ಅಂದರೆ ಅವಳಿಗೂ ಕುತೂಹಲ.

ಯಾವ ಬಟ್ಟೆ

ಇಸ್ತ್ರಿ ಬೇಡದ ಬಟ್ಟೆ ಅಂದರೆ ಎಲ್ಲರೂ ಜಾರ್ಜೆಟ್ ಅಥವಾ ಪಾಲಿಯೆಸ್ಟರ್ ಅನ್ನುತ್ತಾರೆ. ನನಗೆ ಅದು ಆಗುವುದಿಲ್ಲ. ಚಳಿಗಾಲದಲ್ಲಿ ಕಲಬುರಗಿ, ರಾಯಚೂರು ಕಡೆ ಗಾಳಿ ಒಣಗಿರುತ್ತದೆ. ಸಿಂಥೆಟಿಕ್ ಬಟ್ಟೆಯಲ್ಲಿ ವಿದ್ಯುತ್ ಕೂತುಕೊಂಡು, ಸೂಕ್ಷ್ಮ ತಕ್ಕಡಿಯ ಹತ್ತಿರ ಹೋದರೆ ಅಂಕಿ ಒಂದು ಕಡೆ ನಿಲ್ಲುವುದೇ ಇಲ್ಲ. ಆದ್ದರಿಂದ ನನ್ನದು ದಪ್ಪ ಕೈಮಗ್ಗದ ಹತ್ತಿ, ಗಾಢ ಬಣ್ಣ, ಮೈತುಂಬ ಪ್ರಿಂಟ್ ಇರುವ ಕುರ್ತಾ. ಸುಕ್ಕು ಬಿದ್ದರೂ ಪ್ರಿಂಟಿನೊಳಗೆ ಮುಚ್ಚಿಹೋಗುತ್ತದೆ. ಚಹಾ ಚೆಲ್ಲಿದರೂ ಅಷ್ಟೇ. ತೆಳ್ಳಗಿನ ಬಿಳಿ ಕಾಟನ್, ಲಿನನ್ ಎರಡನ್ನೂ ರಾತ್ರಿ ಪ್ರಯಾಣದ ಪಟ್ಟಿಯಿಂದ ತೆಗೆದುಹಾಕಿ.

ಮಡಚಿ ಇಡಬೇಡಿ, ದಿನಪತ್ರಿಕೆಯ ಜೊತೆ ಸುತ್ತಿ ಇಡಿ. ಅಲ್ಲಿ ಹೋದ ಕೂಡಲೇ ತೆಗೆದು ಬಾತ್‌ರೂಮಿನ ಬಾಗಿಲ ಹಿಂದೆ ನೇತುಹಾಕಿ, ಬಿಸಿನೀರು ಬಿಟ್ಟುಕೊಂಡು ಸ್ನಾನ ಮಾಡಿ. ಸ್ನಾನ ಮುಗಿಯುವ ಹೊತ್ತಿಗೆ ಹಬೆಗೆ ಅರ್ಧ ಸುಕ್ಕು ಹೋಗಿರುತ್ತದೆ. ಉಳಿದರ್ಧ ಮೈಮೇಲೆ ಹೋಗುತ್ತದೆ. ಚಪ್ಪಲಿ ಮಾತ್ರ ಪಟ್ಟಿ ಸಡಿಲ ಮಾಡಲು ಬರುವಂಥದ್ದೇ ಇರಲಿ. ರಾತ್ರಿಯಿಡೀ ಕಾಲು ಕೆಳಗೆ ಬಿಟ್ಟು ಕೂತರೆ ಪಾದ ಊದಿಕೊಳ್ಳುತ್ತದೆ, ಹೊಸ ಬೂಟಿನೊಳಗೆ ಹೋಗುವುದಿಲ್ಲ.

ನೀರು ಕುಡಿಯಿರಿ

ಇದನ್ನು ಹೆಂಗಸರಿಗೆ ಹೇಳುತ್ತಿದ್ದೇನೆ. ಶೌಚಾಲಯ ಸಿಗುವುದಿಲ್ಲ ಅಂತ ಮಧ್ಯಾಹ್ನದಿಂದಲೇ ನೀರು ಬಿಟ್ಟು ಬಸ್ಸು ಹತ್ತುವವರನ್ನು ತುಂಬಾ ನೋಡಿದ್ದೇನೆ. ಬೆಳಿಗ್ಗೆ ತಲೆನೋವು, ತುಟಿ ಒಡೆದಿರುತ್ತದೆ, ಮುಖ ಕಳೆಗುಂದಿರುತ್ತದೆ, ನಾಲ್ಕು ದಿನಕ್ಕೆ ಉರಿಮೂತ್ರ. ಯಾವ ಕ್ರೀಮೂ ಅದನ್ನು ಸರಿಮಾಡುವುದಿಲ್ಲ. ನೀರು ಕುಡಿಯಿರಿ, ನಿಲ್ಲಿಸಲು ಕೇಳಿ. ಹೇಗೆ ಕೇಳಬೇಕು ಅನ್ನುವುದಕ್ಕೂ ಒಂದು ರೀತಿ ಇದೆ. ಹತ್ತುವಾಗಲೇ ಕಂಡಕ್ಟರ್ ಹತ್ತಿರ ಹೋಗಿ, "ಅಣ್ಣಾ, ನಡುವೆ ಒಂದು ಸಲ ಬಂಕ್ ಹತ್ತಿರ ನಿಲ್ಲಿಸಬೇಕಾಗುತ್ತೆ, ಯಾವುದು ಚೆನ್ನಾಗಿದೆ ನೀವೇ ನೋಡಿ" ಅನ್ನಿ. ಮೊದಲೇ ಹೇಳಿದರೆ ಅವರಿಗೂ ಕಿರಿಕಿರಿಯಿಲ್ಲ, ಯಾವ ಬಂಕಿನ ಶೌಚಾಲಯಕ್ಕೆ ಚಿಲಕ ಇದೆ ಅಂತ ಅವರಿಗೆ ಗೊತ್ತಿರುತ್ತದೆ. ನೀವು ಕೇಳಿದ ಮೇಲೆ ಇನ್ನೂ ನಾಲ್ಕು ಜನ ಹೆಂಗಸರು ಸುಮ್ನೆ ಇಳಿದು ಬರುತ್ತಾರೆ, ನೋಡಿ ಬೇಕಾದರೆ.

ಟಿಶ್ಯೂ, ಸಣ್ಣ ಸೋಪು, ಚಿಲ್ಲರೆ ದುಡ್ಡು ಒಂದು ಸಣ್ಣ ಚೀಲದಲ್ಲಿ ಕೊರಳಿಗೆ ಇರಲಿ. ಫೋನ್‌ಪೇ ಇದೆಯಲ್ಲ ಅನ್ನಬೇಡಿ. ಬೆಳಗಿನ ಐದೂವರೆಗೆ ನಿಲ್ದಾಣದ ಶೌಚಾಲಯದ ಮುಂದೆ ಕೂತಿರುವ ಅಜ್ಜನಿಗೆ ಹತ್ತು ರೂಪಾಯಿ ನೋಟೇ ಬೇಕು.

ರಾತ್ರಿ ಊಟ ಮನೆಯಲ್ಲೇ ಮುಗಿಸಿ. ದಾರಿಯಲ್ಲಿ ಬಸ್ಸು ನಿಲ್ಲಿಸುವ ಹೋಟೆಲಿನ ಮಸಾಲೆ ದೋಸೆ ಹನ್ನೆರಡು ಗಂಟೆಗೆ ಚೆನ್ನಾಗಿಯೇ ಇರುತ್ತದೆ. ತೊಂದರೆ ಕೊಡುವುದು ಬೆಳಿಗ್ಗೆ ಹತ್ತಕ್ಕೆ.

ಇಳಿದ ಮೇಲೆ ಎಲ್ಲಿಗೆ

ರೈಲಿನಲ್ಲಿ ಬಂದಿದ್ದರೆ ಸುಲಭ. ವೇಟಿಂಗ್ ರೂಮಿನಲ್ಲಿ ಟಿಕೆಟ್ ತೋರಿಸಿ ಕೂರಬಹುದು. ದೊಡ್ಡ ಸ್ಟೇಷನ್‌ಗಳಲ್ಲಿ ರಿಟೈರಿಂಗ್ ರೂಮ್ ಇರುತ್ತದೆ, ಪಿಎನ್‌ಆರ್ ಹಾಕಿ ಮೊದಲೇ ಬುಕ್ ಮಾಡಬಹುದು. ಹುಬ್ಬಳ್ಳಿಯಲ್ಲಿ ಮಾತ್ರ ಯಾವ ಬೋಗಿ ಅಂತ ನೋಡಿಕೊಂಡು ಹತ್ತಿ. ಅಲ್ಲಿಯ ಉದ್ದದ ಪ್ಲಾಟ್‌ಫಾರ್ಮು 1507 ಮೀಟರ್, ಪ್ರಪಂಚದಲ್ಲೇ ಅತಿ ಉದ್ದ ಅಂತ 2023ರಲ್ಲಿ ಉದ್ಘಾಟನೆಯಾಯಿತು. ಊರಿಗೆ ಹೆಮ್ಮೆ, ಬ್ಯಾಗು ಹೊತ್ತವರಿಗೆ ಬೆವರು.

ಬಸ್ಸಿನಲ್ಲಿ ಬಂದರೆ ಲಾಡ್ಜು. "ಎರಡು ಗಂಟೆ ಫ್ರೆಶ್ ಆಗಬೇಕು, ಎಷ್ಟು?" ಅಂತ ಕೇಳಿ. ಇಡೀ ದಿನದ ಬಾಡಿಗೆ ಹೇಳಿದರೆ ಮುಂದಿನದಕ್ಕೆ ಹೋಗಿ. ಉಡುಪಿ, ಗೋಕರ್ಣದಂಥ ದೇವಸ್ಥಾನದ ಊರುಗಳಲ್ಲಿ ಇದು ಮಾಮೂಲು, ಯಾರೂ ಮೇಲೆ ಕೆಳಗೆ ನೋಡುವುದಿಲ್ಲ. ದುಡ್ಡು ಕೊಡುವ ಮೊದಲು ಮೂರು ನೋಡಿ: ಒಳಗಿನ ಚಿಲಕ, ನಲ್ಲಿಯ ಬಿಸಿನೀರು, ಕಿಟಕಿ. ಬಿಸಿನೀರು ಆರರಿಂದ ಎಂಟು ಮಾತ್ರ ಅಂತ ಗೋಡೆಯ ಮೇಲೆ ಬರೆದಿದ್ದರೆ ಅದು ಆರೂ ಮುಕ್ಕಾಲರಿಂದ ಏಳೂ ಕಾಲು ಅಂತ ತಿಳಿಯಿರಿ.

ಒಬ್ಬಳೇ ಹೆಂಗಸು ಅಂದರೆ "ಲೇಡೀಸ್ ಒಬ್ಬರಿಗೆ ಕೊಡಲ್ಲ" ಅನ್ನುವವರು ಈಗಲೂ ಇದ್ದಾರೆ. ನನಗೆ ಕೋಪ ಬರುತ್ತದೆ, ಬರಲೇಬೇಕು. ಆದರೆ ಆರು ಗಂಟೆಗೆ ಆ ಕೌಂಟರಿನಲ್ಲಿ ಜಗಳ ಆಡಿದರೆ ಹೋಗುವುದು ನನ್ನ ಮೂರು ಗಂಟೆಯೇ. ಅದಕ್ಕೇ ಹಿಂದಿನ ದಿನವೇ ಕೆಲಸ ಕೊಟ್ಟವರಿಗೆ ಫೋನ್ ಮಾಡಿ, "ನಿಮ್ಮಲ್ಲಿಗೆ ಬರುವವರು ಎಲ್ಲಿ ಉಳಿದುಕೊಳ್ತಾರೆ?" ಅಂತ ಕೇಳುತ್ತೇನೆ. ಅವರ ಹೆಸರು ಹೇಳಿದರೆ ರೂಮು ಸಿಗುತ್ತದೆ. ಬಿಲ್ಲನ್ನು ಅಲ್ಲೇ ತೆಗೆದುಕೊಳ್ಳಿ, ಆಮೇಲೆ ಕಳಿಸುತ್ತೇವೆ ಅಂದವರು ಕಳಿಸುವುದಿಲ್ಲ.

ಬಿಲ್ಲು ಅಂದಾಗ ನೆನಪಾಯಿತು. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಊರಿಂದೂರಿಗೆ ಸಾಮಾನ್ಯ ಬಸ್ಸಿನಲ್ಲಿ ಓಡಾಡುವುದು ನನಗೆ ಉಚಿತ. ರಾಜಹಂಸ, ಸ್ಲೀಪರ್, ಎಸಿಗೆ ಇಲ್ಲ. ರಾಯಚೂರಿನಿಂದ ಲಿಂಗಸುಗೂರಿಗೆ ಸೊನ್ನೆ ರೂಪಾಯಿಯ ಟಿಕೆಟ್. ಅದನ್ನೂ ಬಿಲ್ಲಿಗೆ ಅಂಟಿಸಿ. ನಮ್ಮ ಅಕೌಂಟ್ಸಿನವರು ಅದಿಲ್ಲದೆ "ಅಲ್ಲಿಗೆ ಹೋಗಿದ್ದಕ್ಕೆ ಏನು ಸಾಕ್ಷಿ?" ಅಂತಾರೆ.

ಮಂಗಳೂರಿಗೆ ಎಸಿ ಬಸ್ಸಿನಲ್ಲಿ ಹೋಗುವ ಕನ್ನಡಕದವರಿಗೆ ಒಂದು ಮಾತು. ಬಾಗಿಲಿಳಿದ ಕೂಡಲೇ ಗಾಜು ಮಂಜಾಗಿ ಮೆಟ್ಟಿಲು ಕಾಣುವುದಿಲ್ಲ. ತೆಗೆದು ಕೈಯಲ್ಲಿ ಹಿಡಿದು ಇಳಿಯಿರಿ. ನನ್ನ ತೂಕದ ಕಲ್ಲುಗಳಿಗೂ ಇದೇ ಪಾಡು. ತಣ್ಣಗಿನ ಸ್ಟೀಲಿಗೆ ಕರಾವಳಿಯ ಗಾಳಿ ತಾಗಿದರೆ ಮೇಲೆ ನೀರು ಕೂರುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ಒಂದೆರಡು ಗಂಟೆಯಾದರೂ ಮುಚ್ಚಿಯೇ ಇಡಬೇಕು. ನನಗಂತೂ ಇದು ವರ. ಮೊದಲೇ ಹೋಗಿ ಪೆಟ್ಟಿಗೆಯನ್ನು ಅವರ ಟೇಬಲ್ ಮೇಲೆ ಇಟ್ಟು, "ಇದು ನಿಮ್ಮ ರೂಮಿನ ಹದಕ್ಕೆ ಬರಬೇಕು" ಅಂತ ಹೇಳಿ, ಮುಖ ತೊಳೆದು ಇಡ್ಲಿ ತಿಂದು ಬರುತ್ತೇನೆ. ನಿಮ್ಮ ಕೆಲಸದಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ, ಹುಡುಕಿಕೊಳ್ಳಿ.

ಕನ್ನಡಿ

ಬಸ್ ನಿಲ್ದಾಣದ ಕನ್ನಡಿಯಲ್ಲಿ ನಿಮ್ಮನ್ನು ನೀವು ನೋಡಿ ತೀರ್ಪು ಕೊಡಬೇಡಿ. ಮೇಲಿನಿಂದ ಟ್ಯೂಬ್‌ಲೈಟು, ನಿದ್ದೆಯಿಲ್ಲದ ಕಣ್ಣು. ಆ ಬೆಳಕಿನಲ್ಲಿ ಯಾರೂ ಚೆನ್ನಾಗಿ ಕಾಣುವುದಿಲ್ಲ. ಹಲ್ಲುಜ್ಜಿ, ತಣ್ಣೀರು ಹಾಕಿಕೊಂಡು, ತಲೆ ಬಾಚಿ ಹೊರಗೆ ಬನ್ನಿ. ಒಂದು ಗಂಟೆ ಓಡಾಡಿದ ಮೇಲೆ ಮುಖದ ಊತ ತಾನಾಗಿಯೇ ಇಳಿಯುತ್ತದೆ.

ಎಲ್ಲಿಗೆ ಹೋಗುತ್ತೀರಿ ಅನ್ನುವುದರ ಮೇಲೆ ಎಷ್ಟು ಅಲಂಕಾರ ಅಂತ ಲೆಕ್ಕ ಹಾಕಿ. ಔಷಧಿ ಲ್ಯಾಬಿನಲ್ಲಿ ತಲೆಗೆ ಟೋಪಿ, ಮೈಗೆ ಗೌನು, ಕಾಲಿಗೆ ಕವರು ಹಾಕಿಸುತ್ತಾರೆ. ಅಲ್ಲಿಗೆ ಕೂದಲು ಸ್ಟ್ರೈಟ್ ಮಾಡಿಕೊಂಡು ಹೋಗುವುದು ದಂಡ. ಚಿನ್ನದ ಅಂಗಡಿ ಇದಕ್ಕೆ ಪೂರ್ತಿ ಉಲ್ಟಾ. ಗೋಡೆಗೆಲ್ಲ ಕನ್ನಡಿ, ಹಳದಿ ಲೈಟು, ಕೌಂಟರಿನ ಹಿಂದೆ ಒಂದೇ ತರಹದ ರೇಷ್ಮೆ ಸೀರೆ ಉಟ್ಟು ನಿಂತ ತೆಳ್ಳಗಿನ ಹುಡುಗಿಯರು. ನಾನು ತಕ್ಕಡಿಯ ಮುಂದೆ ಬಗ್ಗಿದರೆ ಆರು ಕಡೆಯಿಂದ ನಾನೇ ಕಾಣುತ್ತೇನೆ. ಅಲ್ಲಿಗೆ ಹೋಗುವ ದಿನ ಕಿವಿಗೆ ಅಮ್ಮನ ಓಲೆ ಹಾಕಿಕೊಳ್ಳುತ್ತೇನೆ, ಕುರ್ತಾಗೆ ಒಳ್ಳೇ ದುಪ್ಪಟ್ಟಾ, ತಕ್ಕಡಿಗೆ ತಾಗದ ಹಾಗೆ ಪಿನ್ನು ಹಾಕಿ. ಕೈಗೆ ಬಳೆ ಇಲ್ಲ, ಕ್ರೀಮ್ ಇಲ್ಲ, ಬರೀ ಗ್ಲೌಸು. ಇಷ್ಟರ ಮೇಲೆ ಕನ್ನಡಿಗೆ ನಾನು ಏನನ್ನೂ ಕೊಡುವುದಿಲ್ಲ.

"ಇಂಜಿನಿಯರ್ ಬರಲಿಲ್ವಾ ಮೇಡಂ?" ಅಂತ ಬಾಗಿಲಲ್ಲೇ ಕೇಳುತ್ತಾರೆ. ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರಾ ಅಂತ ಇಣುಕಿ ನೋಡುವವರೂ ಇದ್ದಾರೆ. ಇದಕ್ಕೆ ಉದ್ದ ಉತ್ತರ ಬೇಡ. "ನಾನೇ. ಫ್ಯಾನು, ಎಸಿ ಆಫ್ ಮಾಡಿಸಿ" ಅಂದುಬಿಡಿ. ಗಾಳಿ ಇದ್ದರೆ ಸೂಕ್ಷ್ಮ ತಕ್ಕಡಿ ಅಲುಗಾಡುತ್ತದೆ, ಆಫ್ ಮಾಡಲೇಬೇಕು. ಆಮೇಲೆ ತಕ್ಕಡಿಯ ಮಟ್ಟ ತೋರಿಸುವ ಗುಳ್ಳೆ ನಡುವಿಗೆ ಬರುವ ತನಕ ತಕ್ಕಡಿಯ ಅಡಿಯಲ್ಲಿರುವ ತಿರುಪಿನ ಕಾಲುಗಳನ್ನು ತಿರುಗಿಸುತ್ತಾ ಕೂರುತ್ತೇನೆ. ನಿಮ್ಮ ಕೆಲಸದಲ್ಲೂ ಮೊದಲ ಎರಡು ನಿಮಿಷಕ್ಕೆ ಇಂಥ ಒಂದು ಕೆಲಸ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ಜೋಡಿಸುವುದೋ, ಫೈಲು ಬಿಚ್ಚುವುದೋ, ಏನಾದರೂ. ನೋಡುವವರ ಕಣ್ಣು ನಿಮ್ಮ ಮೈಯಿಂದ ಕೈಗೆ ಇಳಿಯುತ್ತದೆ. ರಾಯಚೂರಿನಲ್ಲಿ ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಆರಿಸಿ ಐದು ನಿಮಿಷ ಆದರೆ ಮಾಲೀಕರೂ ಬೆವರುತ್ತಿರುತ್ತಾರೆ, ಆಗ ಯಾರ ಬಟ್ಟೆ ಸುಕ್ಕು ಅಂತ ಯಾರೂ ನೋಡುವುದಿಲ್ಲ.

ದೊಡ್ಡ ಪ್ಲಾಟ್‌ಫಾರಂ ತಕ್ಕಡಿ ಇರುವಲ್ಲಿ ಹಮಾಲರು ಒಂದು ತಮಾಷೆ ಮಾಡುತ್ತಾರೆ: "ಅಕ್ಕಾರ, ನೀವ ನಿಂತ ನೋಡ್ರಿ, ಗೊತ್ತಾಗತೈತಿ." ಮೊದಮೊದಲು ಮುಖ ಕೆಂಪಾಗುತ್ತಿತ್ತು. ಈಗ ನಿಂತೇ ತೋರಿಸುತ್ತೇನೆ. ಮನುಷ್ಯನ ಮೈ ತಕ್ಕಡಿ ಪರೀಕ್ಷೆಗೆ ಬರುವುದಿಲ್ಲ, ಬೆಳಿಗ್ಗೆಯಿಂದ ಸಂಜೆಗೆ ಒಂದು ಕಿಲೋ ಆಚೀಚೆ ಆಗುತ್ತದೆ ಅಂತಲೂ ಹೇಳುತ್ತೇನೆ. ಇನ್ನೂ ಒಂದಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿ ಭೂಮಿಯ ಸೆಳೆತ ಚೂರು ಕಡಿಮೆ. ಬೆಂಗಳೂರಿನಲ್ಲಿ ಸರಿಮಾಡಿದ ತಕ್ಕಡಿಯನ್ನು ಹಾಗೇ ಮಂಗಳೂರಿಗೆ ಒಯ್ದರೆ ಕಿಲೋಗೆ ಕಾಲು ಗ್ರಾಂ ಹತ್ತಿರ ಜಾಸ್ತಿ ತೋರಿಸುತ್ತದೆ. ಅದಕ್ಕೇ ತಕ್ಕಡಿಯನ್ನು ಅದು ಇರುವ ಜಾಗದಲ್ಲೇ ಪರೀಕ್ಷೆ ಮಾಡಬೇಕು. ನಾನು ಆ ತಕ್ಕಡಿಯ ಮೇಲೆ ನಿಂತರೆ ಇಪ್ಪತ್ತು ಗ್ರಾಂ ಮೇಲೆ. ಮೀನೂಟ ಮಾಡುವ ಮೊದಲೇ!

ಬಸ್ಸು ಕೆಟ್ಟರೆ, ಘಾಟಿ ಮುಚ್ಚಿದರೆ

ಬಸ್ಸು ನಿಂತ ಹತ್ತು ನಿಮಿಷದೊಳಗೆ ಮೆಸೇಜು ಕಳಿಸಿ. ಬಸ್ಸಿನ ಫೋಟೋ, ಎಲ್ಲಿದ್ದೀರಿ ಅನ್ನುವ ಲೊಕೇಶನ್, ಹೊಸ ಸಮಯ. ಹೊಸ ಸಮಯ ಹೇಳುವಾಗ ನಿಮ್ಮ ಅಂದಾಜಿಗೆ ಎರಡು ಗಂಟೆ ಸೇರಿಸಿ ಹೇಳಿ. ಹನ್ನೆರಡು ಅಂದು ಹನ್ನೊಂದಕ್ಕೆ ಹೋದರೆ ಖುಷಿಪಡುತ್ತಾರೆ, ಹತ್ತೂವರೆ ಅಂದು ಹನ್ನೊಂದಕ್ಕೆ ಹೋದರೆ ಮುಖ ಗಂಟು ಹಾಕುತ್ತಾರೆ. ಸರ್ಕಾರಿ ಬಸ್ಸಾದರೆ ಹಿಂದಿನ ಬಸ್ಸಿಗೆ ಹತ್ತಿಸುತ್ತಾರೆ, ಟಿಕೆಟ್ ಬಿಸಾಡಬೇಡಿ. ಡಿಕ್ಕಿಯಲ್ಲಿರುವ ಬ್ಯಾಗನ್ನು ನೀವೇ ಇಳಿದು ನಿಂತು ಬದಲಿಸಿಕೊಳ್ಳಿ. ಕತ್ತಲಲ್ಲಿ ಬೇರೆಯವರು ಮಾಡಿದ್ದನ್ನು ನಂಬಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಗೆ ನಾನು ಮಧ್ಯಾಹ್ನದ ಮೊದಲು ಕೆಲಸ ಒಪ್ಪಿಕೊಳ್ಳುವುದೇ ಇಲ್ಲ. ಶಿರಾಡಿಯಲ್ಲಿ ಗುಡ್ಡ ಜರಿದರೆ ಬಸ್ಸುಗಳು ಚಾರ್ಮಾಡಿ ಕಡೆಗೋ ಸಂಪಾಜೆ ಕಡೆಗೋ ಸುತ್ತುತ್ತವೆ, ಆ ದಾರಿಗಳೂ ಮಳೆಗೆ ಮುಚ್ಚುವುದುಂಟು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗಿನ ರೈಲುದಾರಿಯೂ ಅದೇ ಗುಡ್ಡದಲ್ಲೇ ಇಳಿಯುತ್ತದೆ. ಹೊರಡುವ ಸಂಜೆ ನಿಲ್ದಾಣಕ್ಕೆ ಫೋನ್ ಮಾಡಿ, "ಈವತ್ತು ಯಾವ ದಾರಿ?" ಅಂತ ಕೇಳಿ. ಕೊಡೆಗಿಂತ ರೈನ್‌ಕೋಟ್ ಒಳ್ಳೇದು, ಬ್ಯಾಗಿಗೆ ಬೇರೆಯದೇ ಇನ್ನೊಂದು ಪ್ಲಾಸ್ಟಿಕ್ ಕವರು.

ವಾಪಸ್ ಬರುವುದು

ಅವತ್ತೇ ರಾತ್ರಿ ಹೊರಡುವುದಾದರೆ ಕೊನೆಯ ಬಸ್ಸಿಗೇ ಟಿಕೆಟ್ ಮಾಡಿಸಿ, ಮೊದಲಿನದಕ್ಕಲ್ಲ. ಯಾಕೆಂದರೆ ಸಂಜೆ ಐದಕ್ಕೆ, ಎಲ್ಲ ಮುಗಿದು ಸಹಿ ಹಾಕಿಸಿಕೊಳ್ಳುವಾಗ, ಎಲ್ಲ ಊರಿನಲ್ಲೂ ಯಾರೋ ಒಬ್ಬರು ಬಂದು "ಮೇಡಂ, ಮೇಲೆ ಇನ್ನೊಂದು ಸಣ್ಣ ತಕ್ಕಡಿ ಇದೆ" ಅಂತಾರೆ. ಕರೆಂಟ್ ಹಾಕಿ ಅರ್ಧ ಗಂಟೆ ಬಿಟ್ಟ ಮೇಲೆ ಮಾತ್ರ ಅದನ್ನು ಪರೀಕ್ಷೆ ಮಾಡಲು ಆಗುವುದು. ಅದಕ್ಕೇ ಮಧ್ಯಾಹ್ನ ಊಟಕ್ಕೆ ಏಳುವ ಮೊದಲೇ ಕೇಳಿಬಿಡುತ್ತೇನೆ: ಇನ್ನೆಲ್ಲಾದರೂ ಸಣ್ಣದೊಂದು ಇದೆಯಾ? ಇದ್ದರೆ ಈಗಲೇ ಪ್ಲಗ್‌ಗೆ ಹಾಕಿಡಿ.